ಸೈಕಲ್ ತರುವ ಮುಂಚೆ ಕಾಲು ಅಳೆಯಿರಿ

ನಮ್ಮ ಕಡೆ ಮಕ್ಕಳಿಗೆ ಯೂನಿಫಾರ್ಮ್ ಹೊಲಿಸುವಾಗ ಟೈಲರ್‌ಗೆ ಹೇಳುವ ಮಾತು ಒಂದೇ: ‘ಬೆಳೆಯೋ ಹುಡುಗ, ಸ್ವಲ್ಪ ದೊಡ್ಡದಿರಲಿ, ಎರಡು ವರ್ಷ ಬರಲಿ.’ ಸೈಕಲ್ ಅಂಗಡಿಯಲ್ಲೂ ಇದೇ ಮಾತು. ಅಂಗಿ ದೊಡ್ಡದಾದರೆ ತೋಳು ಮಡಚಬಹುದು. ಸೈಕಲ್ಲಿನ ಫ್ರೇಮ್ ಮಡಚಲು ಬರುವುದಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ವರದಿಗೆಂದು ಸುತ್ತುವಾಗ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟ ಸೈಕಲ್‌ಗಳನ್ನು ಬಹಳ ನೋಡಿದ್ದೇನೆ. ಕೆಲವು ತುಕ್ಕು ಹಿಡಿದಿವೆ. ಕೆಲವಕ್ಕೆ ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ಇನ್ನೂ ಹರಿದಿಲ್ಲ. ಯಾಕೆ ತುಳಿಯಲ್ಲ ಎಂದರೆ, ‘ಮೊಣಕಾಲು ನೋವು’, ‘ಬೆನ್ನು ಹಿಡ್ಕಂತತಿ’, ‘ನಂಗೆ ಸೈಕಲ್ ಆಗಿಬರಲ್ಲ ಬಿಡ್ರಿ’ ಎನ್ನುತ್ತಾರೆ. ತಪ್ಪು ತಮ್ಮ ಮೈಯದ್ದೇ ಎಂದು ತಿಳಿದಿದ್ದಾರೆ. ಎಷ್ಟೋ ಸಲ ಅದು ಅಳತೆಯ ತಪ್ಪು.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಹೈಸ್ಕೂಲ್ ದೂರವಿದ್ದ ಹಳ್ಳಿಗಳ ಹುಡುಗಿಯರಿಗೆ ಅದು ದೊಡ್ಡ ಆಸರೆ. ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಹುಡುಗರಿಗೊಂದು ಬಗೆ, ಹುಡುಗಿಯರಿಗೊಂದು ಬಗೆ ಇತ್ತೇ ಹೊರತು ಎತ್ತರಕ್ಕೆ ತಕ್ಕ ಸೈಜ್ ಇರಲಿಲ್ಲ. ಎಂಟನೇ ತರಗತಿ ಎಂದರೆ ಒಬ್ಬನಿಗೆ ಮೀಸೆ ಚಿಗುರುವ, ಪಕ್ಕದವನು ಇನ್ನೂ ಅವನ ಹೆಗಲಿಗೂ ಬಾರದ ವಯಸ್ಸು. ಇಬ್ಬರಿಗೂ ಒಂದೇ ಸೈಕಲ್.

ಈಗ ನಮ್ಮ ಹಳ್ಳಿಗಳಿಗೂ ರೋಡ್ ಬೈಕ್ ಬಂದಿದೆ. ಇಲ್ಲಿ ಬೈಕ್ ಎಂದರೆ ಮೋಟಾರ್ ಬೈಕ್, ಹಾಗಾಗಿ ಜನ ಇದನ್ನು ರೇಸ್ ಸೈಕಲ್ ಎನ್ನುತ್ತಾರೆ. ತೆಳು ಟೈರು, ಕೆಳಕ್ಕೆ ಬಾಗಿದ ಹ್ಯಾಂಡಲ್. ಜಗಳೂರು ತಾಲ್ಲೂಕಿನ ಹುಡುಗನೊಬ್ಬ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ತಂದಿದ್ದ. ‘ಅಣ್ಣಾ, ಹತ್ತು ಕಿಲೋಮೀಟರ್ ಹೋಗಾದ್ರೊಳಗೆ ಬೆರಳು ಜುಮು ಜುಮು ಅಂತಾವೆ, ಕುತ್ತಿಗೆ ತಿರುಗ್ಸಕ್ಕಾಗಲ್ಲ’ ಅಂದ. ಊರಲ್ಲಿ ಎಲ್ಲರೂ ‘ನಿನ್ ಮೈಯಾಗೆ ಕಸುವಿಲ್ಲ’ ಎಂದು ನಗುತ್ತಿದ್ದರಂತೆ. ಫ್ರೇಮ್ ಮೇಲೆ 56 ಎಂದು ಬರೆದಿತ್ತು. ಟೇಪ್ ಹಿಡಿದು ಅಳೆದೆವು. ಅವನಿಗೆ ಬೇಕಿದ್ದದ್ದು 50. ಆರು ಸೆಂಟಿಮೀಟರ್ ಎಂದರೆ ಮೂರು ಬೆರಳಿನಷ್ಟು. ಆದರೆ ಫ್ರೇಮ್ ದೊಡ್ಡದಾದಂತೆ ಹ್ಯಾಂಡಲ್ಲೂ ದೂರ ಹೋಗುತ್ತದೆ. ಅದನ್ನು ಹಿಡಿಯಲು ಮೈ ಚಾಚಿದಾಗ ಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ಅವನು ಅದನ್ನು ಮಾರಿ 50ರದ್ದನ್ನೇ ಹುಡುಕಿ ತಂದ. ಈಗ ಹೊಲಕ್ಕೂ ಅದರಲ್ಲೇ ಹೋಗುತ್ತಾನೆ.

ಅಂಗಡಿಯವರು ಹೇಳುವ 26, 27.5, 29 ಇವೆಲ್ಲ ಚಕ್ರದ ಸೈಜು. ಫ್ರೇಮಿನ ಸೈಜು ಬೇರೆ. ಪೆಡಲ್ ತಿರುಗುವ ಗುಂಬದ ನಡುವಿನಿಂದ ಸೀಟಿನ ಕಂಬಿ ಇಳಿಯುವ ಕೊಳವೆಯ ಮೇಲ್ತುದಿಯವರೆಗಿನ ಉದ್ದವೇ ಫ್ರೇಮ್ ಸೈಜು.

ನಿಮ್ಮ ಅಳತೆ ತಿಳಿಯಲು ಒಂದು ದಪ್ಪ ನೋಟ್‌ಬುಕ್, ಒಂದು ಟೇಪ್ ಸಾಕು. ಚಪ್ಪಲಿ ಬಿಟ್ಟು, ಗೋಡೆಗೆ ಬೆನ್ನು ಕೊಟ್ಟು, ಪಾದಗಳನ್ನು ಒಂದು ಗೇಣು ಅಗಲಿಸಿ ನಿಲ್ಲಿ. ಪುಸ್ತಕವನ್ನು ಕಾಲುಗಳ ನಡುವೆ, ಸೀಟಿನ ಮೇಲೆ ಕೂತಾಗ ಒತ್ತುವಷ್ಟು ಮೇಲಕ್ಕೆ ಹಿಡಿಯಿರಿ. ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಸೆಂಟಿಮೀಟರ್‌ನಲ್ಲಿ ಅಳೆಯಿರಿ. ರೇಸ್ ಸೈಕಲ್ಲಿಗೆ ಅದನ್ನು 0.66ರಿಂದ ಗುಣಿಸಿ. ಕಾಲು 80 ಇದ್ದರೆ ಫ್ರೇಮ್ ಸುಮಾರು 53. ದಪ್ಪ ಟೈರಿನ ಗೇರ್ ಸೈಕಲ್ಲಿಗೆ 0.57ರಿಂದ ಗುಣಿಸಿದರೆ ಸುಮಾರು 46, ಅಂದರೆ 18 ಇಂಚು.

ಇದು ಮೊದಲ ಲೆಕ್ಕ ಮಾತ್ರ. ಈಗಿನ ಎಷ್ಟೋ ಸೈಕಲ್‌ಗಳ ಮೇಲಿನ ಬಾರ್ ಹಿಂದಕ್ಕೆ ಇಳಿಜಾರಾಗಿರುತ್ತದೆ, ಒಂದು ಕಂಪನಿಯ ‘ಎಂ’ ಇನ್ನೊಂದರ ‘ಎಂ’ ಆಗಿರುವುದಿಲ್ಲ. ಆದ್ದರಿಂದ ಕೂತು ನೋಡಲೇಬೇಕು. ಬಾರಿನ ಎರಡೂ ಕಡೆ ಕಾಲಿಟ್ಟು ನಿಂತಾಗ ನಡುವೆ ಎರಡು ಬೆರಳಾದರೂ ಜಾಗವಿರಲಿ. ಚನ್ನಗಿರಿಯ ಅಡಿಕೆ ತೋಟಗಳ ಮಣ್ಣುದಾರಿಯಂಥಲ್ಲಿ ಇನ್ನೂ ಹೆಚ್ಚು ಬೇಕು, ಅಲ್ಲಿ ಯಾವ ಗುಂಡಿಯಲ್ಲಿ ಕಾಲು ಕೊಡಬೇಕಾಗುತ್ತದೋ ಹೇಳಲಾಗದು. ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ ಚಿಕ್ಕದನ್ನೇ ತಗೊಳ್ಳಿ. ಚಿಕ್ಕದಕ್ಕೆ ಸೀಟು ಏರಿಸಬಹುದು, ದೊಡ್ಡದನ್ನು ಕುಗ್ಗಿಸಲಾಗದು.

ಸೀಟಿನ ಎತ್ತರಕ್ಕೂ ಲೆಕ್ಕವಿದೆ. ಟೂರ್ ಡಿ ಫ್ರಾನ್ಸ್ ರೇಸನ್ನು ಮೂರು ಸಲ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಜನಪ್ರಿಯಗೊಳಿಸಿದ್ದು: ಕಾಲಿನ ಅಳತೆ ಗುಣಿಲೆ 0.883. ಕಾಲು 80 ಇದ್ದರೆ ಪೆಡಲ್ ಗುಂಬದ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು 70.5 ಸೆಂಟಿಮೀಟರ್. ಪೆಡಲ್ ಪೂರ್ತಿ ಕೆಳಗಿದ್ದಾಗ ಮೊಣಕಾಲು ಸ್ವಲ್ಪ ಮಡಚಿರಬೇಕು. ಸಾಮಾನ್ಯವಾಗಿ ಮೊಣಕಾಲಿನ ಮುಂದೆ ನೋವಾದರೆ ಸೀಟು ತಗ್ಗಿದೆ, ಹಿಂದೆ ನೋವಾದರೆ ಎತ್ತರವಾಗಿದೆ ಎಂದರ್ಥ.

‘ಮಗು ಬೆಳೀತದಲ್ಲ, ವರ್ಷಕ್ಕೊಂದು ಸೈಕಲ್ ಎಲ್ಲಿಂದ ತರೋದು?’ ಎಂದು ತಾಯಂದಿರು ಕೇಳುವುದು ನ್ಯಾಯವೇ. ಅದಕ್ಕೂ ದಾರಿ ಇದೆ. ಬಾರ್ ತಗ್ಗಾಗಿರುವ, ಸೀಟಿನ ಕಂಬಿ ಉದ್ದವಿರುವ ಸೈಕಲ್ ನೋಡಿ. ಸೀಟು ಪೂರ್ತಿ ಇಳಿಸಿದಾಗ ಇವತ್ತು ಮಗುವಿನ ಪಾದದ ಮುಂಭಾಗ ನೆಲಕ್ಕೆ ತಾಗಬೇಕು. ಬೆಳೆದಂತೆ ಕಂಬಿ ಏರಿಸುತ್ತ ಹೋಗಿ, ಅದರ ಮೇಲಿನ ಗುರುತು ದಾಟಿಸಬೇಡಿ.

ಮುಖ್ಯವಾಗಿ, ಮಗುವನ್ನು ಮನೆಯಲ್ಲಿ ಬಿಟ್ಟು ಸೈಕಲ್ ತರಲು ಹೋಗಬೇಡಿ. ಸರ್ಕಾರದ ಯೋಜನೆ ಮತ್ತೆ ಶುರುವಾದರೆ ನಮ್ಮ ಎಸ್‌ಡಿಎಂಸಿಗಳು ಕೇಳಬೇಕಾದದ್ದೂ ಇಷ್ಟೇ: ಒಂದರ ಬದಲು ಎರಡು ಸೈಜ್, ಹಂಚುವ ದಿನ ಶಾಲೆಯಲ್ಲಿ ಒಂದು ಟೇಪ್.