ಹೆಸರು ಬರೀಬ್ಯಾಡ್ರಿ

ಫೆಬ್ರವರಿ ಕೊನೆಯ ವಾರ ಬಂತೆಂದರೆ ಡೆಸ್ಕಿನಿಂದ ನಮಗೊಂದು ಫೋನ್ ಬಂದೇ ಬರುತ್ತದೆ. "ಮಾರ್ಚ್ ಎಂಟಕ್ಕ ನಾಲ್ಕು ಮಂದಿ ಸಾಧಕಿಯರು ಬೇಕ್ರಿ. ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ, ತಾಲೂಕಿಗೆ ಒಬ್ಬೊಬ್ಬರು. ಹೆಸರು, ಊರು, ನಗೋ ಮುಖದ ಫೋಟೋ. ನೂರೈವತ್ತು ಶಬ್ದದಾಗ ಮುಗಸ್ರಿ."

ಹೂಂ ಅಂದು ಸ್ಕೂಟಿಗೆ ಪೆಟ್ರೋಲ್ ಹಾಕಿಸಿದೆವು. ಐದು ದಿನ ಸುತ್ತಿದೆವು. ನಾಲ್ವರು ಸಿಕ್ಕರು. ಮನಸ್ಸು ಬಿಚ್ಚಿ ಮಾತಾಡಿದರು, ಚಾ ಕುಡಿಸಿದರು, ಒಬ್ಬರು ರೊಟ್ಟಿ ಕಟ್ಟಿ ಕೊಟ್ಟರು. ಆದರೆ ಎದ್ದು ಹೊರಡುವಾಗ ನಾಲ್ವರೂ ಹೇಳಿದ್ದು ಒಂದೇ ಮಾತು: "ಹೆಸರು ಮಾತ್ರ ಬರೀಬ್ಯಾಡ್ರಿ."

ಹೆಸರಿಲ್ಲದ ಸಾಧಕಿಯನ್ನು ಪತ್ರಿಕೆ ಹಾಕುವುದಿಲ್ಲ. ಆ ಪುಟಕ್ಕೆ ಬೇರೆ ಯಾರದೋ ಫೋಟೋ ಹೋಯಿತು. ನಾವು ಬರೆದುಕೊಂಡದ್ದು ನೋಟ್‌ಬುಕ್ಕಿನಲ್ಲೇ ಉಳಿಯಿತು. ಈಗ ನಾಲ್ವರಿಗೂ ಫೋನ್ ಮಾಡಿ, ಬರೆದದ್ದನ್ನು ಓದಿ ಹೇಳಿ, ಹೂಂ ಅನ್ನಿಸಿಕೊಂಡು ಇಲ್ಲಿ ಹಾಕುತ್ತಿದ್ದೇವೆ. ಹೆಸರಿಲ್ಲ, ಊರಿಲ್ಲ, ತಾಲೂಕು ಮಾತ್ರ.

ನಮ್ಮ ಭಾಗದಲ್ಲಿ ಹೆಣ್ಣುಮಗಳೊಬ್ಬಳ ಹೆಸರು ಎಲ್ಲಿ ನೋಡಿದರೂ ಕಾಣುತ್ತದೆ. ಹುಬ್ಬಳ್ಳಿಯ ಸರ್ಕಲ್ಲಿಗೆ, ಬೆಂಗಳೂರಿಗೆ ಹೋಗುವ ರೈಲಿಗೆ, ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ, ಎಲ್ಲಕ್ಕೂ ಚೆನ್ನಮ್ಮನ ಹೆಸರೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತ. ಆ ಜಗಳ ಹುಟ್ಟಿದ್ದೂ ಒಂದು ಹೆಸರಿನ ಮೇಲೆಯೇ. ಸಂಸ್ಥಾನಕ್ಕೆ ತೆಗೆದುಕೊಂಡ ದತ್ತುಮಗನನ್ನು ಕಂಪನಿ ಸರ್ಕಾರ ವಾರಸುದಾರ ಎಂದು ಒಪ್ಪಲಿಲ್ಲ. ಕೊನೆಗೆ ರಾಣಿಯನ್ನು ಸೆರೆಯಲ್ಲಿಟ್ಟಿದ್ದು ನಮ್ಮ ಬೈಲಹೊಂಗಲದಲ್ಲಿ. 1829ರಲ್ಲಿ ತೀರಿಕೊಂಡಿದ್ದೂ ಇಲ್ಲೇ. ಸಮಾಧಿಯೂ ಇಲ್ಲೇ ಇದೆ. ಅಂಥ ನೆಲದ ಹೆಣ್ಣುಮಕ್ಕಳು ಇವತ್ತು ತಮ್ಮ ಹೆಸರು ಬೇಡ ಅನ್ನುತ್ತಾರೆ ಎಂದರೆ ಅದಕ್ಕೆ ಕಾರಣ ಇರಬೇಕಲ್ಲ. ಆ ಕಾರಣ ಕೇಳುತ್ತ ಹೋದಾಗಲೇ ನಮಗೆ ನಿಜವಾದ ಮಾತು ಸಿಕ್ಕಿತು.

ಕಿತ್ತೂರು ತಾಲೂಕಿನವರು ಗ್ರಾಮ ಪಂಚಾಯತಿ ಅಧ್ಯಕ್ಷೆ ಆಗಿದ್ದವರು. ಮಹಿಳಾ ಮೀಸಲು ಬಂತು, ಮನೆಯವರು ನಿಲ್ಲಿಸಿದರು, ಗೆದ್ದರು. ಮನೆ ಮುಂದಿನ ಬೋರ್ಡಿನಲ್ಲಿ ಹೆಸರು ಅವರದು, ಅದರ ಕೆಳಗಿನ ಮೊಬೈಲ್ ನಂಬರ್ ಗಂಡನದು. ಇದನ್ನು ಅವರೇ ನಗುತ್ತ ತೋರಿಸಿದರು.

"ಮೊದಲನೇ ಮೀಟಿಂಗಿಗೆ ನಮ್ಮ ಯಜಮಾನ್ರು ನನ್ನ ಬಾಜು ಕುಂತ್ರು. ಎರಡನೇದಕ್ಕ ನಾನ ಅವರ ಬಾಜು ಕುಂತಂಗ ಆತು. ಮೂರನೇದಕ್ಕ ನನ್ನ ಕರೀಲೇ ಇಲ್ಲ. ರಜಿಸ್ಟರ್ ಮನಿಗೇ ಬಂತು, ರುಜು ಮಾಡು ಅಂದ್ರು."

ಕರ್ನಾಟಕದಲ್ಲಿ 1987ರ ಚುನಾವಣೆಯಲ್ಲೇ ಪಂಚಾಯತಿಗಳಲ್ಲಿ ಮಹಿಳೆಯರಿಗೆ ನೂರಕ್ಕೆ 25ರಷ್ಟು ಸೀಟು ಇಟ್ಟಿದ್ದರು. 2010ರಲ್ಲಿ ಅದು ಅರ್ಧಕ್ಕೆ ಬಂತು. ಕುರ್ಚಿ ಬಂತು, ಆದರೆ ಕುರ್ಚಿಯ ಮೇಲೆ ಕೂಡಲು ಪ್ರತಿ ಮನೆಯಲ್ಲೂ ಮತ್ತೊಂದು ಚುನಾವಣೆ ಗೆಲ್ಲಬೇಕು.

ಇವರು ಅದನ್ನು ಗೆದ್ದದ್ದು ಭಾಷಣ ಮಾಡಿ ಅಲ್ಲ. ಒಂದು ದಿನ ಗಟಾರ ಕೆಲಸದ ಬಿಲ್ಲು ಮನೆಗೆ ಬಂತು. ಆ ಗಟಾರ ಇನ್ನೂ ಅರ್ಧಕ್ಕೇ ನಿಂತಿತ್ತು. ದಿನಾ ನೀರಿಗೆ ಹೋಗುವ ದಾರಿ ಅದು, ಅವರಿಗೆ ಗೊತ್ತಿತ್ತು. "ಇಲ್ಲೇ ಇಟ್ಟು ಹೋಗ್ರಿ, ಓದಿ ಮಾಡ್ತೀನಿ" ಅಂದರು. ಓದಿದ್ದು ಏಳನೆಯ ತರಗತಿ. ರಾತ್ರಿ ಮಗಳ ಹತ್ತಿರ ಓದಿಸಿ ಕೇಳಿದರು. ಬಿಲ್ಲು ಮೂರು ದಿನ ಗೋಡೆಯ ಗೂಡಿನಲ್ಲೇ ಇತ್ತು. ಮನೆಯಲ್ಲಿ ಎರಡು ದಿನ ಮಾತಿಲ್ಲ. ನಾಲ್ಕನೆಯ ದಿನ ತಾವೇ ಪಂಚಾಯತಿಗೆ ಹೋಗಿ ಕುಂತರು. ಗಟಾರ ಪೂರ್ತಿ ಆದ ಮೇಲೇ ರುಜು ಬಿತ್ತು.

ಪಂಚಾಯತಿ ದುಡ್ಡು ಬಿಡುಗಡೆ ಆಗಬೇಕಾದರೆ ಅಧ್ಯಕ್ಷರ ಡಿಜಿಟಲ್ ಸಹಿ ಬೇಕು, ಅದಕ್ಕೊಂದು ಡೋಂಗಲ್ ಇರುತ್ತದೆ. ಅವಧಿ ಮುಗಿಯುವ ತನಕ ಆ ಡೋಂಗಲ್ ಇವರ ಸೆರಗಿನ ಗಂಟಿನಲ್ಲೇ ಇತ್ತಂತೆ.

"ಮತ್ತ ಹೆಸರ್ಯಾಕ ಬ್ಯಾಡ್ರಿ ಅಕ್ಕಾರ?"

"ನಮ್ಮವರು ಕೆಟ್ಟ ಮನಷ್ಯಾ ಅಲ್ರಿ. ಪೇಪರಿನ್ಯಾಗ ಬಂದ್ರ ಕಟ್ಟಿ ಮ್ಯಾಲಿನ ಮಂದಿ ಅವರಿಗೆ ನಗತಾರ. ನಾ ಗೆದ್ದೀನಿ, ಅವರು ಸೋಲೂದು ನನಗ ಬೇಕಾಗಿಲ್ಲ."

ಬೈಲಹೊಂಗಲ ತಾಲೂಕಿನವರಿಗೆ ಐವತ್ತು ದಾಟಿದೆ. ಗಂಡ ತೀರಿಕೊಂಡ ಮೇಲೆ ಇಬ್ಬರು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದರು. ಕೆಲವು ವರ್ಷದ ಮೇಲೆ ಅಪ್ಪನೂ ಹೋದ. ವಾರಸಾ ಮಾಡಿಸುವ ಹೊತ್ತಿಗೆ ಅಣ್ಣ ಒಂದು ಸೀರೆ ತಂದು, "ಹಕ್ಕುಬಿಟ್ಟ ಪತ್ರಕ್ಕೊಂದು ರುಜು ಹಾಕು" ಅಂದ. ಅವರ ಇಬ್ಬರು ಅಕ್ಕಂದಿರು ಹಾಕಿದ್ದರು. ನಮ್ಮ ಕಡೆ ಎಲ್ಲರೂ ಹಾಕುತ್ತಾರೆ.

ಇವರು ಹಾಕಲಿಲ್ಲ.

ಕಾಯ್ದೆ ಇವರ ಕಡೆಗೇ ಇತ್ತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತ್ತು. 2005ರಲ್ಲಿ ಇಡೀ ದೇಶಕ್ಕೆ ಅದು ಬಂತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಕಾಯ್ದೆಯ ಪುಸ್ತಕದಲ್ಲಿ ತವರಿನ ಬಾಗಿಲ ಮಾತು ಇರುವುದಿಲ್ಲ.

ಉತಾರದಲ್ಲಿ ಹೆಸರು ಏರಲು ನಾಲ್ಕು ವರ್ಷ ಹಿಡಿಯಿತು. ಎರಡು ಎಕರೆ ಕರಿಮಣ್ಣು. ಮುಂಗಾರಿಗೆ ಸೋಯಾ, ಹಿಂಗಾರಿಗೆ ಜೋಳ, ಜೊತೆಗೆ ಎರಡು ಎಮ್ಮೆ. ಇಬ್ಬರು ಮಕ್ಕಳೂ ಓದಿ ದುಡಿಮೆಗೆ ಹತ್ತಿದ್ದಾರೆ. ಇದನ್ನೆಲ್ಲ ಹೇಳುವಾಗ ಅವರ ದನಿ ಗಟ್ಟಿಯಾಗಿತ್ತು. ಕಷ್ಟದ ಮಾತೆಂದರೆ ಕೋರ್ಟು, ಕಚೇರಿ, ಬರಗಾಲ ಎಂದು ನಾವು ಬರೆದುಕೊಳ್ಳುತ್ತಿದ್ದೆವು. ಅವರು ತಡೆದರು.

"ಅದೆಲ್ಲ ಕಷ್ಟ ಅಲ್ಲವಾ. ಎಂಟು ವರ್ಷ ಆತು, ನಮ್ಮಣ್ಣ ಪಂಚಮಿಗೆ ಕರದಿಲ್ಲ."

ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾಗಿ ಎಷ್ಟು ವರ್ಷ ಕಳೆದರೂ ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಜೋಕಾಲಿ, ಎಳ್ಳುಂಡಿ, ಶೇಂಗಾ ಉಂಡಿ, ಅಳ್ಳು. ಇವರ ಮನೆಗೂ ಅಣ್ಣನ ಮನೆಗೂ ನಡುವೆ ಎರಡು ಓಣಿ. ಪಂಚಮಿ ದಿನ ಆ ಮನೆಯ ಜೋಕಾಲಿಯ ಸಪ್ಪಳ ಇಲ್ಲಿಗೆ ಕೇಳುತ್ತದಂತೆ. ಪ್ರತಿ ವರ್ಷವೂ ಅಣ್ಣನ ಪಾಲಿನ ಉಂಡಿ ಕಟ್ಟಿ ಡಬ್ಬಿಯಲ್ಲಿಡುತ್ತಾರೆ. ಹದಿನೈದು ದಿನ ನೋಡಿ ತಾವೇ ತಿನ್ನುತ್ತಾರೆ.

"ಇವತ್ತಿಲ್ಲ ನಾಳೆ ಕರೀತಾನ. ಪೇಪರಿನ್ಯಾಗ ನನ್ನ ಹೆಸರು ಬಂತಂದ್ರ ಆ ಬಾಗಿಲಾ ಖಾಯಂ ಮುಚ್ಚತೈತಿ. ಹೊಲದಾಗ ನಂದು ಹೆಸರೈತಿ. ಅಷ್ಟ ಸಾಕು."

ಬೈಲಹೊಂಗಲದಿಂದ ಹೊರಟರೆ ಮುಂದೆ ಸಿಗುವುದು ಸವದತ್ತಿ. ನಾವು ಅಲ್ಲಿ ಗಾಡಿ ನಿಲ್ಲಿಸದೆ ಸೀದಾ ರಾಮದುರ್ಗಕ್ಕೆ ಹೋದೆವು. ಸವದತ್ತಿಯಲ್ಲಿ ಒಂದು ಮನೆಯ ಮುಂದೆ ನಿಲ್ಲಲು ನಮಗೆ ಧೈರ್ಯ ಬರಲಿಲ್ಲ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇವೆ.

ರಾಮದುರ್ಗ ನೇಕಾರರ ಊರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ನದಿ ಕಡೆಯ ಮಗ್ಗದ ಮನೆಗಳಿಗೆ ನೀರು ಹೊಕ್ಕಿತ್ತು. ನಾವು ಕಂಡವರ ಕುಣಿ ಮಗ್ಗದ ಕುಣಿಯಲ್ಲಿ ರಾಡಿ ತುಂಬಿ, ಕಟ್ಟಿಗೆ ಉಬ್ಬಿ, ಹಾಸಿನಲ್ಲಿದ್ದ ಸೀರೆ ಅಲ್ಲೇ ಕೊಳೆತಿತ್ತು. ಗಂಡನಿಗೆ ಬೆನ್ನುನೋವು. ಹತ್ತು ವರ್ಷದಿಂದ ಆ ಮಗ್ಗದ ಮೇಲೆ ಕೂತವರು ಇವರೇ. ಹಾನಿ ಬರೆದುಕೊಳ್ಳಲು ಬಂದವರು, "ನೇಕಾರರು ಯಾರು?" ಅಂದರು. ಓಣಿಯವರು ಗಂಡನ ಹೆಸರು ಹೇಳಿದರು. ಇವರ ಮುಂದೆ 'ಮನೆಗೆಲಸ' ಎಂದು ಬಿತ್ತು.

"ನಾ ಅಲ್ಲೇ ನಿಂತಿದ್ನಿ. ಕೈಯಾಗ ಲಾಳಿ ಇತ್ತು."

ಇದು ಒಂದು ಮನೆಯ ಕಥೆಯಲ್ಲ. 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ಎಣಿಸಿದ 35 ಲಕ್ಷ ಕೈಮಗ್ಗದ ಕೆಲಸಗಾರರಲ್ಲಿ ನೂರಕ್ಕೆ 72 ಮಂದಿ ಮಹಿಳೆಯರು. ಆದರೂ ನಮ್ಮ ಬಾಯಲ್ಲಿ ನೇಕಾರ ಎಂದರೆ ಗಂಡಸು. ಕಂಡಿಕೆ ಸುತ್ತುವುದು, ನೂಲು ಬಿಡಿಸುವುದು, ಹರಿದ ಎಳೆ ಕೂಡಿಸುವುದು ಎಲ್ಲ ಮನೆಗೆಲಸದ ಲೆಕ್ಕಕ್ಕೆ ಹೋಗುತ್ತದೆ.

ಇವರು ರಾಡಿ ತೆಗೆದರು, ಮಂಗಳಸೂತ್ರದ ಗುಂಡು ಒತ್ತೆ ಇಟ್ಟು ಮಗ್ಗ ರಿಪೇರಿ ಮಾಡಿಸಿದರು. ಆಮೇಲೆ ಕಚೇರಿಗೆ ಅಲೆದು ತಮ್ಮ ಹೆಸರಿನಲ್ಲಿ ನೇಕಾರರ ಕಾರ್ಡು ಮಾಡಿಸಿದರು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ದೇವರ ಫೋಟೋದ ಹಿಂದೆ ಇಟ್ಟಿದ್ದ ಆ ಕಾರ್ಡನ್ನು ತೆಗೆದು ನಮಗೆ ತೋರಿಸಿದರು. ಹೆಸರು ಮಾತ್ರ ಬೇಡ ಅಂದರು. ನೂಲು ಕೊಡುವವರು ಮಾಲಕರು, ಸೀರೆ ಒಯ್ಯುವವರೂ ಅವರೇ. ಕೂಲಿ ಸಾಲುವುದಿಲ್ಲ ಎಂದು ನಮ್ಮ ಮುಂದೆ ಹೇಳಿದ್ದು ಅವರ ಕಿವಿಗೆ ಬಿದ್ದರೆ ಮರುವಾರ ನೂಲು ಬರುವುದಿಲ್ಲ.

ವಾಪಸ್ ಬರುವಾಗ ಸವದತ್ತಿ ತಪ್ಪಿಸಲು ಆಗಲಿಲ್ಲ.

ಒಂಬತ್ತು ವರ್ಷದ ಹಿಂದಿನ ಮಾತು. ಡಿಪ್ಲೊಮಾ ಮುಗಿಸಿ ಹೊಸದಾಗಿ ಸುದ್ದಿ ಬರೆಯಲು ಶುರು ಮಾಡಿದ್ದೆವು. ಸವದತ್ತಿ ತಾಲೂಕಿನ ಒಂದು ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ತಾಯಿಗೆ ಚಿಕ್ಕಂದಿನಲ್ಲಿ ಮುತ್ತು ಕಟ್ಟಿದ್ದರು. 'ದೇವದಾಸಿ ಮಗಳ ಸಾಧನೆ' ಎಂದು ಹೆಡ್ಡಿಂಗ್ ಬರೆದವರು ನಾವೇ. ಫೋಟೋ ಹಾಕಿದೆವು, ಹೆಸರು ಹಾಕಿದೆವು, ಊರು ಹಾಕಿದೆವು. ತಾಯಿಯನ್ನು ಒಂದು ಮಾತು ಕೇಳಿರಲಿಲ್ಲ. ಒಳ್ಳೆಯ ಸುದ್ದಿಗೆ ಕೇಳುವುದೇನು ಅನ್ನಿಸಿತ್ತು. ಆ ದಿನ ಡೆಸ್ಕಿನವರು ಶಹಬ್ಬಾಸ್ ಅಂದರು.

ಹುಡುಗಿ ಪಿಯುಸಿಗೆ ಸೇರಿದ ಕಾಲೇಜಿನಲ್ಲಿ ಆ ಕಟಿಂಗ್ ಕೈಯಿಂದ ಕೈಗೆ ಹೋಯಿತು. ಬಸ್ಸಿನಲ್ಲಿ ಹುಡುಗರು ಅಪ್ಪನ ಹೆಸರು ಕೇಳುತ್ತಿದ್ದರು. ಎರಡು ತಿಂಗಳಿಗೆ ಕಾಲೇಜು ಬಿಟ್ಟಳು. ಒಂದು ವರ್ಷ ಹಾಳಾಯಿತು. ದೂರದ ಸಂಬಂಧಿಕರ ಮನೆಯಲ್ಲಿದ್ದು ಮತ್ತೆ ಓದಿದಳು. ಇದೆಲ್ಲ ನಮಗೆ ಗೊತ್ತಾಗಿದ್ದು ಬಹಳ ತಡವಾಗಿ, ಬೇರೆಯವರ ಬಾಯಿಂದ.

ಆ ತಾಯಿಯ ಮನೆಯ ಮುಂದೆ ಈ ಸಲ ನಿಂತೆವು. ಖಾನಾವಳಿಗೆ ರೊಟ್ಟಿ ಬಡಿದು ಕೊಡುವ ಕೆಲಸ ಅವರದು. ಬಡಿಯುತ್ತಲೇ ತಲೆ ಎತ್ತಿ ನೋಡಿದರು. ಗುರುತು ಹಿಡಿದರು.

"ಬಾರವಾ, ಕುಂಡರು. ಮತ್ತ ಯಾರದರ ಫೋಟೋ ಬೇಕಾಗಿತ್ತೇನು?"

ತಪ್ಪಾತು ಅಂದೆವು. ಅವರು ಏನೂ ಅನ್ನಲಿಲ್ಲ. ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದರು. ಆಮೇಲೆ ತಾವಾಗಿಯೇ ಮಾತು ತೆಗೆದರು.

ದೇವದಾಸಿ ಬಿಡುವುದನ್ನು ನಿಷೇಧಿಸಿ ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿದೆ. ಹೆತ್ತವರೇ ಬಿಟ್ಟರೂ ಜೈಲು. ಇವರಿಗೆ ಮುತ್ತು ಕಟ್ಟಿದ್ದು ಆ ಕಾಯ್ದೆ ಬಂದ ಮೇಲೆ, ರಾತ್ರಿ ಹೊತ್ತು, ಯಾರಿಗೂ ಗೊತ್ತಾಗದ ಹಾಗೆ. ಸರ್ಕಾರ 1993-94ರಲ್ಲಿ ಮೊದಲ ಸಮೀಕ್ಷೆ ಮಾಡಿದಾಗ ತಂದೆ-ತಾಯಿ ಜೈಲಿನ ಹೆದರಿಕೆಗೆ ಇವರನ್ನು ಮುಚ್ಚಿಟ್ಟರು. 2007-08ರಲ್ಲಿ ಮತ್ತೆ ಬಂದರು. ಆಗ ಮಗಳು ಸಣ್ಣ ತರಗತಿಯಲ್ಲಿದ್ದಳು. ಪಟ್ಟಿಗೆ ಹೆಸರು ಕೊಟ್ಟರೆ ಶಾಲೆಯಲ್ಲಿ ಗೊತ್ತಾಗುತ್ತದೆ ಎಂದು ಇವರೇ ಹೆಸರು ಕೊಡಲಿಲ್ಲ. ಮಾಸಾಶನ, ಮನೆ, ಸಾಲ ಎಲ್ಲ ಆ ಎರಡು ಪಟ್ಟಿಗಳ ಮೇಲೆಯೇ ಬಂತು. ಇವರಿಗೆ ಯಾವುದೂ ಬರಲಿಲ್ಲ.

"ಮಗಳ ಸಲುವಾಗಿ ಸರ್ಕಾರದ ಪಟ್ಟ್ಯಾಗ ಹೆಸರು ಬಿಟ್ನಿ. ನೀ ಬಂದು ಪೇಪರಿನ್ಯಾಗ ಹಾಕಿದಿ."

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ನಮ್ಮದೇ ಜಿಲ್ಲೆಯ ಸೀತವ್ವ ಜೋಡಟ್ಟಿಯವರನ್ನು ನೀವು ಬಲ್ಲಿರಿ. ಸಣ್ಣ ವಯಸ್ಸಿನಲ್ಲಿ ಅವರನ್ನೂ ದೇವದಾಸಿ ಬಿಟ್ಟಿದ್ದರು. ತನ್ನಂಥವರನ್ನೇ ಕೂಡಿಸಿಕೊಂಡು ಸಂಸ್ಥೆ ಕಟ್ಟಿ, ಸಾವಿರಾರು ಮಂದಿಯನ್ನು ಆ ಪದ್ಧತಿಯಿಂದ ಹೊರಗೆ ತಂದರು. 2018ರಲ್ಲಿ ಪದ್ಮಶ್ರೀ ಬಂತು. ತಮ್ಮ ಹೆಸರು ಹೇಳಿಕೊಂಡೇ ಮಾತಾಡುತ್ತಾರೆ. ಅವರ ಹೆಸರು ಎತ್ತಿದಾಗ ಈ ತಾಯಿ ಹೇಳಿದರು: "ಆಕಿ ತನ್ನ ಹೆಸರು ತಾನ ಹೇಳಿದಳು. ನನ್ನ ಮಗಳದು ನೀ ಹೇಳಿದಿ. ಎರಡೂ ಒಂದಲ್ಲ."

ಮಗಳು ಈಗ ನರ್ಸಿಂಗ್ ಓದಿ ಬೇರೆ ಜಿಲ್ಲೆಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಇಷ್ಟನ್ನು ಬರೆಯಬಹುದೇ ಎಂದು ಕೇಳಿದೆವು. ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ನೀ ಮಾಡಿದ್ದು ಬರಿ. ನಾವ್ಯಾರು ಅನ್ನೂದು ಬ್ಯಾಡ."

ಬುತ್ತಿ ಕಟ್ಟಿ ಕೊಟ್ಟವರು ಇವರೇ. ನಾಲ್ಕು ರೊಟ್ಟಿ, ಶೇಂಗಾ ಚಟ್ನಿ. ಬಾಗಿಲ ತನಕ ಬಂದು ಕೇಳಿದರು: "ನಿನ್ನ ಹೆಸರು ಬರತೈತೇನವಾ ಪೇಪರಿನ್ಯಾಗ?"

ಇಲ್ಲ ಅಂದೆವು. ತಾಲೂಕಿನ ಸುದ್ದಿ ಕೊಡುವವರ ಹೆಸರು ಅಪರೂಪಕ್ಕೆ ಅಚ್ಚಾಗುತ್ತದೆ. 'ನಮ್ಮ ಪ್ರತಿನಿಧಿಯಿಂದ' ಎಂದು ಬರುತ್ತದೆ, ಅಷ್ಟೇ.

"ಹಂಗಂದ್ರ ನಮ್ಮಂಗ ನೀನೂ" ಅಂದು ನಕ್ಕರು.

ಈಗ ನಾವು ಯಾರ ಮನೆಗೆ ಹೋದರೂ ಮೊದಲು ಮೊಬೈಲ್ ಬ್ಯಾಗಿಗೆ ಹಾಕುತ್ತೇವೆ. ಸಾಧನೆ ಏನು ಎಂದು ಕೇಳುವುದಿಲ್ಲ. ಏನು ಬರೆಯಬೇಕು, ಏನು ಬರೆಯಬಾರದು ಎಂದು ಕೇಳುತ್ತೇವೆ. ಬರೆದದ್ದನ್ನು ಓದಿ ಹೇಳಿ, ಹೂಂ ಅಂದ ಮೇಲೇ ಕಳಿಸುತ್ತೇವೆ. ಇದರಿಂದ ಸುದ್ದಿ ತಡವಾಗುತ್ತದೆ, ಕೆಲವು ಸುದ್ದಿ ಆಗುವುದೇ ಇಲ್ಲ. ಆಗಲಿ.

ಓದುವ ನಿಮ್ಮಲ್ಲೂ ಒಂದು ಮಾತು. ಇವರಲ್ಲಿ ಯಾರದಾದರೂ ಗುರುತು ಹತ್ತಿದರೆ, ಇಂಥ ಊರಿನ ಇಂಥಾಕಿ ಎಂದು ಬರೆದು ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ. ಪಂಚಾಯತಿ ಮೆಂಬರು ನಿಮ್ಮ ಊರಿನ ಹೆಣ್ಣುಮಗಳಾಗಿದ್ದರೆ ಕೆಲಸದ ಮಾತನ್ನು ಅವರ ಹತ್ತಿರವೇ ಆಡಿ, ಗಂಡನ ಹತ್ತಿರ ಬೇಡ. ಹಕ್ಕು ಕೇಳಿದಳು ಎಂದು ನೀವು ಕರೆಯದೆ ಬಿಟ್ಟ ಅಕ್ಕನೋ ತಂಗಿಯೋ ಇದ್ದರೆ, ಪಂಚಮಿಗೆ ಇನ್ನೂ ದಿನ ಇವೆ. ಬೈಲಹೊಂಗಲದ ಆ ಮನೆಯಲ್ಲಿ ಈ ವರ್ಷವೂ ಡಬ್ಬಿಯಲ್ಲಿ ಉಂಡಿ ಇರುತ್ತವೆ.