ಹಾಡುಗಾರ ಎದ್ದು ಹೋದ ಮೇಲೆ

ಭಜನಾ ಮೇಳದಲ್ಲಿ ತಾಳ ಹಾಕುವವನ ಹೆಸರನ್ನು ಯಾರೂ ಕೇಳುವುದಿಲ್ಲ. ಹಾರ್ಮೋನಿಯಂ ಹಿಂದೆ ಕೂತು ಪದ ಎತ್ತುವವನ ಹೆಸರು ಮಾತ್ರ ಸುತ್ತ ಹತ್ತು ಹಳ್ಳಿಗೆ ಗೊತ್ತಿರುತ್ತದೆ. ಚಹಾ ಮೊದಲು ಬರುವುದು ಅವನಿಗೆ, ಶಾಲು ಹೊದಿಸುವುದೂ ಅವನಿಗೇ. ತಾಳದವನು, ಡಗ್ಗಾದವನು, ದಮ್ಮಡಿಯವನು, ಪಲ್ಲವಿಗೆ ದನಿ ಕೂಡಿಸುವ ನಾಲ್ಕಾರು ಮಂದಿ - ಇವರೆಲ್ಲ ಸೇರಿ 'ಹಿಮ್ಮೇಳ' ಎಂಬ ಒಂದೇ ಹೆಸರಿನಲ್ಲಿ ಮುಗಿದುಹೋಗುತ್ತಾರೆ. ಮುಂದಿನವನು ಒಂದು ದಿನ ಎದ್ದು ಹೋದರೆ ಈ ಹಿಮ್ಮೇಳದ ಗತಿ ಏನು? ಇದು ಹಳ್ಳಿಯ ಮೇಳಕ್ಕೆ ಮಾತ್ರ ಸಂಬಂಧಪಟ್ಟ ಪ್ರಶ್ನೆ ಎಂದುಕೊಂಡರೆ ತಪ್ಪು. ಸಮುದ್ರದಾಚೆಯ ಗಿಟಾರಿನ ಮೇಳಗಳಿಗೂ ಈ ಕಷ್ಟ ತಪ್ಪಿಲ್ಲ.

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ತಿಂಥಣಿ ಕೃಷ್ಣೆಯ ದಡದ ಊರು. ಊರೆಂದರೆ ಮೌನೇಶ್ವರ. ಹತ್ತಿರದ ದೇವರಗೋನಾಲದಲ್ಲಿ ವಿಶ್ವಕರ್ಮ ಮನೆತನದಲ್ಲಿ ಹುಟ್ಟಿದ ಈ ಸಂತ ಹಿಂದೂಗಳಿಗೆ ಮೌನಪ್ಪಯ್ಯ, ಮುಸ್ಲಿಮರಿಗೆ ಮೌನದ್ದೀನ. ಜಾತ್ರೆಯಲ್ಲಿ ಭಕ್ತರು ಕೂಗುವ ಜಯಘೋಷದಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಪೀರರೂ ಬರುತ್ತಾರೆ, ಕಾಶೀಪತಿ ಮಹಾದೇವನೂ ಬರುತ್ತಾನೆ. ಒಬ್ಬ ಸಂತನನ್ನು ನೆನೆಯಲು ಅಷ್ಟು ದೊಡ್ಡ ಗುಂಪನ್ನು ಜೊತೆಗೆ ಕರೆಯುವ ಊರು ಇದು. ಈ ಸೀಮೆಯಲ್ಲೇ ಕೊಡೇಕಲ್ಲ ಬಸವಣ್ಣನ ಗದ್ದುಗೆಯಿದೆ. ತುಸು ಬಡಗಣಕ್ಕೆ ಹೋದರೆ ಕಡಕೋಳ ಮಡಿವಾಳಪ್ಪನವರ ಮಠ. ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರ ಜಲಾಲ ಸಾಹೇಬರಿದ್ದರು, ಖೈನೂರ ಕೃಷ್ಣಪ್ಪನವರೂ ಇದ್ದರು. ತತ್ವಪದ ಎನ್ನುವುದು ಇಲ್ಲಿ ಪುಸ್ತಕದಲ್ಲಿ ಮಲಗಿದ ಸಾಹಿತ್ಯವಲ್ಲ. ಅಮಾವಾಸ್ಯೆಯ ರಾತ್ರಿ ಮಠದ ಕಟ್ಟೆಯ ಮೇಲೆ ಬೆಳಗಿನವರೆಗೆ ಎಚ್ಚರವಿರುವ ಸಂಗತಿ.

ಆ ಹಾಡಿಕೆಯ ಕ್ರಮವೇ ಬೇರೆ. ಒಬ್ಬ ಸೊಲ್ಲು ಎತ್ತುತ್ತಾನೆ, ಉಳಿದವರು ಅದನ್ನು ಎತ್ತಿಕೊಂಡು ಮರಳಿಸುತ್ತಾರೆ. ಅವರು ಮರಳಿಸುವಷ್ಟು ಹೊತ್ತು ಮುಂದಿನವನಿಗೆ ಉಸಿರಾಡಲು ಬಿಡುವು, ಮುಂದಿನ ನುಡಿ ನೆನಪಿಸಿಕೊಳ್ಳಲು ಅವಕಾಶ. ಕೇಳುವವನಿಗೂ ಅಷ್ಟೆ, ಪದದ ಅರ್ಥ ಮೊದಲ ಸಲಕ್ಕೆ ಕಿವಿಗೆ ಬಿದ್ದರೆ ಎರಡನೆಯ ಸಲಕ್ಕೆ ಒಳಗೆ ಇಳಿಯುತ್ತದೆ. ಹಿಮ್ಮೇಳವಿಲ್ಲದ ತತ್ವಪದ ಉಸಿರು ಕಟ್ಟಿ ಓಡಿದ ಹಾಗೆ.

ಎಂಬತ್ತರ ದಶಕದಲ್ಲಿ ಅಗ್ಗದ ಕ್ಯಾಸೆಟ್ಟುಗಳು ಬಂದವು. ಟೇಪ್ ರೆಕಾರ್ಡರು ಹೋಟೆಲಿನ ಗಲ್ಲಾದ ಮೇಲೂ ಟ್ರ್ಯಾಕ್ಟರಿನ ಮೇಲೂ ಏರಿ ಕೂತಿತು. ಅಲ್ಲಿಯತನಕ 'ಇಂಥ ಊರಿನ ಮೇಳ' ಎಂದು ಗುರುತಾಗುತ್ತಿದ್ದ ಗುಂಪಿನಿಂದ ಒಂದು ಕಂಠ ಬೇರೆಯಾಗಿ ಕೇಳತೊಡಗಿತು. ಕ್ಯಾಸೆಟ್ಟಿನ ಹೊದಿಕೆಯ ಮೇಲಿರುವ ಅಂಗೈಯಗಲದ ಜಾಗದಲ್ಲಿ ಎಂಟು ಜನರ ಹೆಸರು ಹಿಡಿಸುವುದಾದರೂ ಹೇಗೆ? ಒಬ್ಬನ ಹೆಸರು, ಒಬ್ಬನ ಫೋಟೊ. ಸ್ಟುಡಿಯೋದಲ್ಲಿ ಡಗ್ಗಾ ನುಡಿಸಲು ಪಟ್ಟಣದವರೇ ಸಿಗುತ್ತಾರೆ. ಊರಿನ ತಾಳದವನು ಬಸ್ ಚಾರ್ಜು ಹಾಕಿಕೊಂಡು ಅಷ್ಟು ದೂರ ಹೋಗುವ ಪ್ರಮೇಯವೇ ಬರಲಿಲ್ಲ.

ಈಗ ಸಮುದ್ರದಾಚೆಯ ಕಥೆಗೆ ಬರೋಣ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಮೂಲೆಯಲ್ಲಿ ಜೇಮ್ಸ್‌ಟೌನ್ ಎಂಬ ಚಿಕ್ಕ ಪಟ್ಟಣವಿದೆ. 1981ರಲ್ಲಿ ಅಲ್ಲಿನ ಕೆಲವು ಹುಡುಗರು ಕಟ್ಟಿಕೊಂಡ ಮೇಳದ ಹೆಸರು 'ಟೆನ್ ಥೌಸಂಡ್ ಮೇನಿಯಾಕ್ಸ್', ಅಂದರೆ ಹತ್ತು ಸಾವಿರ ಹುಚ್ಚರು. ಹಳೆಯ ಭಯಾನಕ ಚಿತ್ರವೊಂದರ ಹೆಸರನ್ನು ತಪ್ಪಾಗಿ ನೆನಪಿಟ್ಟುಕೊಂಡು ಇಟ್ಟ ಹೆಸರಂತೆ ಅದು; ಸಿನಿಮಾದಲ್ಲಿದ್ದ ಹುಚ್ಚರು ಎರಡೇ ಸಾವಿರ. ತತ್ವಪದದವರ ನಡುವೆ 'ಹುಚ್ಚ' ಎಂದರೆ ಬೈಗುಳವಲ್ಲ, ದಾರಿ ಕಂಡವನು ಎಂದೂ ಅರ್ಥವಾಗುವುದರಿಂದ ತಿಂಥಣಿಯವರಿಗೆ ಈ ಹೆಸರು ವಿಚಿತ್ರವೆನಿಸಲಿಕ್ಕಿಲ್ಲ. ಜನಪದ ಧಾಟಿಗೆ ಗಿಟಾರು, ಡ್ರಮ್ಮು ಕೂಡಿಸುವ 'ಫೋಕ್ ರಾಕ್' ಇವರದು. ಮುಂದೆ ನಿಂತು ಹಾಡುತ್ತಿದ್ದವಳು ನಟಾಲಿ ಮರ್ಚಂಟ್. ಮೇಳ ಸೇರಿದಾಗ ಆಕೆಗೆ ಹದಿನೇಳು.

ಹತ್ತು ವರ್ಷ ಕಳೆಯಿತು. 1987ರ ಆಲ್ಬಮ್ಮಿನಿಂದ ಹೆಸರೂ ಬಂತು, ಹಣವೂ ಬಂತು. 1991ರಲ್ಲಿ ನಟಾಲಿ ತನ್ನ ಸಂಗಡಿಗರಿಗೆ, ಇನ್ನೆರಡು ವರ್ಷ ಮಾತ್ರ ನಿಮ್ಮೊಡನಿರುತ್ತೇನೆ ಎಂದು ತಿಳಿಸಿದಳು. ಪ್ರತಿಯೊಂದನ್ನೂ ಎಲ್ಲರೂ ಕೂತು ಸಮಿತಿಯ ಹಾಗೆ ತೀರ್ಮಾನಿಸುವುದು ಆಕೆಗೆ ಸಾಕಾಗಿತ್ತು. ಎರಡು ವರ್ಷದ ಮುನ್ಸೂಚನೆ! ನಮ್ಮ ಸರಕಾರಿ ನೌಕರಿಯಲ್ಲೂ ಇಷ್ಟು ದೀರ್ಘ ನೋಟೀಸು ಕೊಟ್ಟವರಿಲ್ಲ.

ಆ ನೋಟೀಸಿನ ಅವಧಿಯಲ್ಲಿ ಅವರು ಮಾಡಿದ ಆಲ್ಬಮ್ಮೇ 'ಅವರ್ ಟೈಮ್ ಇನ್ ಈಡನ್'. 1992ರ ಸೆಪ್ಟೆಂಬರಿನಲ್ಲಿ ಹೊರಬಂತು. ಈಡನ್ ಎಂದರೆ ಕೊನೆಗೆ ಬಿಟ್ಟು ಹೊರಡಲೇಬೇಕಾದ ತೋಟ ಎಂಬುದು ಬೈಬಲ್ ಬಲ್ಲವರಿಗೆಲ್ಲ ತಿಳಿದದ್ದು. ಹೊರಗಿನ ಕೇಳುಗರಿಗೆ ಆಗ ಅದರ ಗುಟ್ಟು ತಿಳಿಯಲಿಲ್ಲ. ಆಲ್ಬಮ್ಮಿನ ಹೆಚ್ಚು ಜನಪ್ರಿಯ ಹಾಡು 'ದೀಸ್ ಆರ್ ಡೇಸ್', ಸಂತೋಷದ ಹಾಡು. ಒಳಗಿದ್ದವರಿಗೆ ಮಾತ್ರ ದಿನಗಳ ಲೆಕ್ಕ ಗೊತ್ತಿತ್ತು. ಅಗಲುವುದು ನಿಶ್ಚಯವಾದ ಮೇಲೂ ಸ್ವರ ತಪ್ಪದಂತೆ, ತಾಳ ಬಿಡದಂತೆ, ಒಬ್ಬರ ಮೇಲೊಬ್ಬರು ಸಿಡುಕು ತೋರದಂತೆ ಒಂದು ಕೆಲಸವನ್ನು ಮುಗಿಸುವುದಿದೆಯಲ್ಲ, ಅದು ಸುಲಭವಲ್ಲ. ಆಸ್ತಿ ಪಾಲಾಗುವ ಮುಂಚಿನ ಕೊನೆಯ ಹಬ್ಬವನ್ನು ಒಂದೇ ಪಂಕ್ತಿಯಲ್ಲಿ ಕೂತು ಉಂಡ ಅಣ್ಣತಮ್ಮಂದಿರಿಗೆ ಇದು ಗೊತ್ತು.

1993ರ ಏಪ್ರಿಲ್‌ನಲ್ಲಿ ಎಂಟಿವಿಗಾಗಿ ಒಂದು ಕಛೇರಿ ಮಾಡಿದರು. ಆಗಸ್ಟಿನಲ್ಲಿ ನಟಾಲಿ ಹೊರಟದ್ದು ಲೋಕಕ್ಕೆ ತಿಳಿಯಿತು. ಆ ಕಛೇರಿಯ ಮುದ್ರಿಕೆ ಅಕ್ಟೋಬರಿನಲ್ಲಿ ಅಂಗಡಿಗೆ ಬರುವ ಹೊತ್ತಿಗೆ ಮೇಳ ಒಡೆದಿತ್ತು. 1995ರಲ್ಲಿ ಆಕೆ ಒಬ್ಬಳೇ ತಂದ 'ಟೈಗರ್‌ಲಿಲಿ' ಅಮೆರಿಕದಲ್ಲಿ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು.

ಕನ್ನಡನಾಡಿನಲ್ಲಿ ಇದಕ್ಕೆ ಹತ್ತಿರದ ಕಥೆ ರಘು ದೀಕ್ಷಿತರದು. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಾಣುಜೀವಿ ಶಾಸ್ತ್ರ ಓದಿ, ಭರತನಾಟ್ಯ ಕಲಿತ ಅವರು ತೊಂಬತ್ತರ ದಶಕದ ಕೊನೆಯ ವೇಳೆಗೆ 'ಅಂತರಾಗ್ನಿ' ಎಂಬ ತಂಡ ಕಟ್ಟಿದ್ದರು. ತಂಡ ಚದುರಿತು. 2008ರಲ್ಲಿ ವಿಶಾಲ್-ಶೇಖರ್ ಜೋಡಿಯ ಕಂಪನಿಯಿಂದ ಅವರ ಮೊದಲ ಆಲ್ಬಮ್ ಬಂದಾಗ ಅದರ ಮೇಲೆ ಎರಡು ಹೆಸರಿದ್ದವು: 'ಅಂತರಾಗ್ನಿ' ಮತ್ತು 'ದಿ ರಘು ದೀಕ್ಷಿತ್ ಪ್ರಾಜೆಕ್ಟ್'. ಹಳೆಯ ತಂಡದ ಹೆಸರು ಆಲ್ಬಮ್ಮಿನ ಹೆಸರಾಗಿ ಉಳಿದಿತ್ತು. ತಂಡದ ಜಾಗಕ್ಕೆ ಹಾಡುಗಾರನ ಹೆಸರು ಬಂದಿತ್ತು. 'ಪ್ರಾಜೆಕ್ಟ್' ಎಂದರೆ ಬಾಗಿಲು ತೆರೆದಿಟ್ಟ ಮನೆ. ವಾದ್ಯದವರು ಬರಬಹುದು, ಹೋಗಬಹುದು, ಯಜಮಾನ ಮಾತ್ರ ಒಬ್ಬನೇ.

ವಿಶೇಷವೆಂದರೆ ಆ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೊ' ಇದೆ. 1889ರಲ್ಲಿ ತೀರಿಕೊಂಡ ಸಂತನ ಪದ ಗಿಟಾರಿನೊಡನೆ ಲಂಡನ್ನಿನ ವೇದಿಕೆಯನ್ನೂ ಹತ್ತಿತು. ಶರೀಫರ ಪದಗಳ ಕೊನೆಗೆ ಬರುವ ಅಂಕಿತ ಯಾವುದು? ಶಿಶುನಾಳಧೀಶ, ಅವರ ಸ್ವಂತ ಹೆಸರಲ್ಲ. ತಿಂಥಣಿಯ ಮೌನೇಶ್ವರರ ವಚನಗಳ ಅಂಕಿತ 'ಬಸವಣ್ಣ'. ಪದ ಕಟ್ಟಿದವನೇ ತನ್ನ ಹೆಸರನ್ನು ಕೆಳಗಿಟ್ಟು ಬೇರೊಬ್ಬರ ಹೆಸರನ್ನು ಮೇಲಿಟ್ಟಿರುವಾಗ, ಹಾಡುವವನು ಹೊದಿಕೆಯ ಮೇಲೆ ತನ್ನ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವುದು ನ್ಯಾಯವೆ?

ಈ ಪ್ರಶ್ನೆಗೆ ಅವಸರದ ಉತ್ತರ ಬೇಡ. ಹೊರಟವನದೆಲ್ಲ ಸ್ವಾರ್ಥ ಎನ್ನಲಾಗದು. ಕಂಠವೆಂಬುದು ಬೆಳೆಯುವ ವಸ್ತು. ಒಂದು ಮೇಳದಲ್ಲಿ ಎಂಟು ಜನರ ಇಷ್ಟ, ಸಿಟ್ಟು, ಮಗ್ಗುಲ ಊರಿನ ಮದುವೆ ಎಲ್ಲವನ್ನೂ ಸರಿದೂಗಿಸಿ ಹಾಡುವವನಿಗೆ ಒಳಗೊಂದು ಬೇರೆಯೇ ರಾಗ ಕೇಳಿಸುತ್ತಿರಬಹುದು. ಅದನ್ನು ಅದುಮಿಟ್ಟುಕೊಂಡು ಕೂತರೆ ಮೇಳಕ್ಕೂ ಸುಖವಿಲ್ಲ. ಅಂಗಡಿಯ ಸಾಲ, ಮಗಳ ಓದು, ಕೈಗೆ ಹತ್ತದ ಬೆಳೆ ಇರುವವನಿಗೆ ಕ್ಯಾಸೆಟ್ಟಿನ ನಾಲ್ಕು ಕಾಸು ದೊಡ್ಡದೇ. ಹೋಗುವುದು ತಪ್ಪಲ್ಲ. ಹೇಳಿ ಹೋಗುವುದು, ಹೋಗುವ ಮುಂಚೆ ಕೂಡಿ ಒಂದು ಒಳ್ಳೆಯ ಹಾಡಿಕೆ ಮಾಡಿ ಹೋಗುವುದು ದೊಡ್ಡ ಮಾತು. ಜೇಮ್ಸ್‌ಟೌನಿನ ಆ ಹುಡುಗಿ ಅಷ್ಟನ್ನು ಮಾಡಿದಳು.

ಉಳಿದವರು ಏನಾದರು? 'ಈಡನ್' ಆಲ್ಬಮ್ಮಿನಲ್ಲಿ ಮೇರಿ ರ‍್ಯಾಮ್ಸೆ ಎಂಬಾಕೆ ಪಿಟೀಲು, ವಿಯೋಲಾ ನುಡಿಸಿದ್ದಳು. ಎಂಟಿವಿ ಕಛೇರಿಯಲ್ಲಿ ಹಿಂದೆ ನಿಂತು ದನಿಯನ್ನೂ ಕೂಡಿಸಿದ್ದಳು. ನಟಾಲಿ ಹೋದ ಮೇಲೆ ಅದೇ ಮೇರಿ ಮುಂದೆ ಬಂದು ಹಾಡಿದಳು; 1997ರಲ್ಲಿ ಹೊಸ ಆಲ್ಬಮ್ಮೂ ಬಂತು. ಮೊದಲಿನ ಕೀರ್ತಿ ಬರಲಿಲ್ಲ, ಆದರೆ ಮೇಳ ಸಾಯಲಿಲ್ಲ.

ಇದರಲ್ಲಿ ಕೃಷ್ಣೆಯ ದಡದವರಿಗೆ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಹಿಮ್ಮೇಳದವನಿಗೆ ಎಲ್ಲ ಪದಗಳೂ ಬಾಯಿಗೆ ಬರುತ್ತವೆ, ಏಕೆಂದರೆ ಅವನು ಪ್ರತಿ ಸೊಲ್ಲನ್ನೂ ಕೇಳಿಯೇ ಹಾಡಿದವನು. ಮುಂದಿನವನು ಬಾರದ ಅಮಾವಾಸ್ಯೆಯ ರಾತ್ರಿ ಒಂದು ಗಳಿಗೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ತಾಳದವನು ಗಂಟಲು ಸರಿಮಾಡಿಕೊಳ್ಳುತ್ತಾನೆ. ದನಿ ಸ್ವಲ್ಪ ಒಡಕು, ಶ್ರುತಿ ಸ್ವಲ್ಪ ಕೆಳಗೆ. ಅವನು ಎತ್ತಿದ ಸೊಲ್ಲನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ಬೆಳಗಾಗಲು ಇನ್ನೂ ಬಹಳ ಹೊತ್ತಿರುತ್ತದೆ, ಪದಗಳೂ ಬಹಳ ಇರುತ್ತವೆ.