ಎದೆಯ ಬಡಿತವೂ ಹುಡುಗಿಯರ ವ್ಯಾಯಾಮವೂ

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವರು ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ಸಂಗತಿಯನ್ನೂ ಕುರಿತು ಬರೆಯುವದು ವಾಡಿಕೆ. ಅವು ವಾರ್ಷಿಕ ವರದಿಯಲ್ಲಿ ಹೇಗೂ ಬಂದಿರುವದರಿಂದ ನಾವು ಈ ಸಲ ಒಂದು ಚಿಕ್ಕ ಉಪಕರಣದ ವಿಷಯವನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇವೆ. ಅದು ಎರಡು ಬೆರಳಗಲದ ಬಟ್ಟೆಯ ಪಟ್ಟಿ. ಅದರ ನಡುವೆ ತೆಳ್ಳನೆಯ ಒಂದು ಗುಂಡಿ. ವ್ಯಾಯಾಮ ಮಾಡುವಾಗ ಎದೆಗೆ ಕಟ್ಟಿಕೊಂಡರೆ, ಹೃದಯವು ನಿಮಿಷಕ್ಕೆ ಎಷ್ಟು ಸಾರಿ ಬಡಿಯುತ್ತಿದೆಯೆಂಬದನ್ನು ಅದು ಎಣಿಸಿ ತಿಳಿಸುವದು. ಕಳೆದ ವರ್ಷ ನಮ್ಮ ವ್ಯಾಯಾಮ ಶಿಕ್ಷಕಿಯವರು ಅದನ್ನು ತರಿಸಿದರು.

ಹೃದಯದ ಬಡಿತವನ್ನು ಎಣಿಸಬೇಕೆಂಬ ಆಸೆ ಹೊಸದಲ್ಲ. ಬೆರಳುಗಳಿಂದ ನಾಡಿ ಹಿಡಿಯುವದು ನಮ್ಮ ವೈದ್ಯರಿಗೆ ಬಹುಕಾಲದಿಂದ ತಿಳಿದದ್ದೇ. ೧೭೦೭ರಲ್ಲಿ ಜಾನ್ ಫ್ಲಾಯರ್ ಎಂಬ ಆಂಗ್ಲ ವೈದ್ಯರು ನಾಡಿಯನ್ನು ಗಡಿಯಾರದಿಂದ ಅಳೆಯುವ ಕ್ರಮವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾಲೆಂಡಿನ ಐಂಥೋವನ್ ಎಂಬ ಪಂಡಿತರು ಹೃದಯದಲ್ಲಿ ಹುಟ್ಟುವ ಅತಿ ಸೂಕ್ಷ್ಮವಾದ ವಿದ್ಯುತ್ತನ್ನು ಅಳೆಯುವ ಯಂತ್ರವನ್ನು ರಚಿಸಿ, ಅದಕ್ಕಾಗಿ ೧೯೨೪ರ ನೊಬೆಲ್ ಪಾರಿತೋಷಕವನ್ನು ಪಡೆದರು. ಅವರ ಯಂತ್ರವನ್ನು ಉಪಯೋಗಿಸುವಾಗ ರೋಗಿಯು ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂಡಬೇಕಾಗಿತ್ತು. ಅಂಥ ಭಾರವಾದ ಯಂತ್ರದೊಡನೆ ಓಡುವದೆಲ್ಲಿ ಬಂತು! ಫಿನ್‌ಲೆಂಡ್ ದೇಶದಲ್ಲಿ ೧೯೭೭ರಲ್ಲಿ ಸ್ಥಾಪಿತವಾದ ಪೋಲಾರ್ ಸಂಸ್ಥೆಯವರು, ಮಂಜಿನ ಮೇಲೆ ಸ್ಕೀ ಕಟ್ಟಿ ಓಡುವ ಆಟಗಾರರ ಬಡಿತವನ್ನು ಓಡುವಾಗಲೇ ತಿಳಿಯಬೇಕೆಂದು ಯತ್ನಿಸಿ, ೧೯೮೨ರಲ್ಲಿ ತಂತಿಯಿಲ್ಲದ ಎದೆಪಟ್ಟಿಯನ್ನು ಲೋಕಕ್ಕೆ ಕೊಟ್ಟರು. ಈಗ ಅನೇಕ ಸಂಸ್ಥೆಗಳು ಇಂಥ ಪಟ್ಟಿಗಳನ್ನು ತಯಾರಿಸುತ್ತವೆ.

ಇದು ಕೆಲಸ ಮಾಡುವ ಬಗೆ ಸರಳ. ಹೃದಯವು ಪ್ರತಿ ಸಾರಿ ಸಂಕುಚಿಸುವ ಮುನ್ನ ಅದರಲ್ಲಿ ವಿದ್ಯುತ್ತಿನ ಒಂದು ಅಲೆ ಏಳುವದು. ಅದರ ಅಂಶವು ಚರ್ಮದವರೆಗೂ ಬರುವದು. ಪಟ್ಟಿಯ ಒಳಮೈಯಲ್ಲಿರುವ ಎರಡು ಮೃದುವಾದ ಎಲೆಕ್ಟ್ರೋಡುಗಳು ಅದನ್ನು ಗ್ರಹಿಸುತ್ತವೆ. ನಡುವಿನ ಗುಂಡಿಯು ಒಂದು ಅಲೆಗೂ ಇನ್ನೊಂದಕ್ಕೂ ಇರುವ ಅಂತರವನ್ನು ಲೆಕ್ಕಹಾಕಿ, ಬ್ಲೂಟೂತಿನ ಮೂಲಕ ಮೊಬೈಲಿಗೋ ಕೈಗಡಿಯಾರಕ್ಕೋ ಕಳುಹಿಸುವದು. ಒಣ ಚರ್ಮವು ವಿದ್ಯುತ್ತನ್ನು ಸರಿಯಾಗಿ ಬಿಡದ ಕಾರಣ ಪಟ್ಟಿಯ ಒಳಮೈಯನ್ನು ನೀರಿನಿಂದ ಒದ್ದೆಮಾಡಿಯೇ ಧರಿಸಬೇಕು. ಐಂಥೋವನ್ನರ ಉಪ್ಪುನೀರಿನ ಕೆಲಸವನ್ನು ಮೊದಲು ಈ ನೀರೂ ಆಮೇಲೆ ನಮ್ಮ ಬೆವರೂ ಮಾಡುತ್ತವೆ. ಕೈಗಡಿಯಾರಗಳು ಹಸುರು ಬೆಳಕನ್ನು ಚರ್ಮದೊಳಗೆ ಹಾಯಿಸಿ ರಕ್ತದ ಏರಿಳಿತದಿಂದ ಬಡಿತವನ್ನು ಊಹಿಸುವದುಂಟು. ಆದರೆ ಹಗ್ಗ ಜಿಗಿಯುವಾಗಲೂ ಕೈಯನ್ನು ಬಲವಾಗಿ ಬೀಸುವಾಗಲೂ ಆ ಲೆಕ್ಕ ತಪ್ಪುವ ಸಂಭವ ಹೆಚ್ಚು. ಎದೆಪಟ್ಟಿಯೇ ಅದಕ್ಕಿಂತ ನಂಬಿಕೆಗೆ ಯೋಗ್ಯವಾದದ್ದು.

ಪಟ್ಟಿಯನ್ನು ಎದೆಯ ಕೆಳಭಾಗದಲ್ಲಿ, ಉಡುಪಿನ ಒಳಗೆ, ಚರ್ಮಕ್ಕೆ ತಗಲುವಂತೆ ಕಟ್ಟಬೇಕು. ಇದನ್ನು ಕೇಳಿದೊಡನೆ ನಮ್ಮ ಹುಡುಗಿಯರು ನಾಚಿದ್ದು ಸಹಜವೇ. ಆದಕಾರಣ ಶಿಕ್ಷಕಿಯವರು ಉಡುಪು ಬದಲಿಸುವ ಕೋಣೆಯಲ್ಲಿ ತಾವೇ ಸಹಾಯಮಾಡುವರು. ಮನಸ್ಸಿಲ್ಲದವಳನ್ನು ಯಾರೂ ಬಲಾತ್ಕರಿಸುವದಿಲ್ಲ. ಒಬ್ಬಳ ಸಂಖ್ಯೆಯನ್ನು ಇನ್ನೊಬ್ಬಳ ಮುಂದೆ ಗಟ್ಟಿಯಾಗಿ ಓದಬಾರದೆಂದೂ ಪ್ರತಿಯೊಬ್ಬಳು ಧರಿಸಿದ ಮೇಲೆ ಪಟ್ಟಿಯನ್ನು ತೊಳೆದೇ ಇಡಬೇಕೆಂದೂ ನಿಯಮವಿದೆ.

ಮೊದಲು ಇದನ್ನು ಧರಿಸಿ ಪರೀಕ್ಷಿಸಿದವರು ನಾವೇ. ನಮಗೆ ಈಗ ನಾಲ್ವತ್ತಾರು ವಯಸ್ಸು. ಸಂಜೆ ಸಹೋದ್ಯೋಗಿನಿಯರೊಡನೆ ಮಾತನಾಡುತ್ತ ಅಂಗಳದಲ್ಲಿ ನಡೆದಾಗ ಸಂಖ್ಯೆ ೯೫ರ ಹತ್ತಿರ ಇತ್ತು. ಬೆಳಿಗ್ಗೆ ಒಬ್ಬರೇ ಬಿರುಸಾಗಿ ನಡೆದಾಗ ೧೧೮ಕ್ಕೆ ಏರಿತು. ೨೨೦ರಿಂದ ವಯಸ್ಸನ್ನು ಕಳೆದರೆ ಹೃದಯದ ಗರಿಷ್ಠ ವೇಗವು ದೊರೆಯುವದೆಂಬದು ಬಳಕೆಯಲ್ಲಿರುವ ಲೆಕ್ಕ. ಅದರಂತೆ ನಮಗೆ ೧೭೪. ಇದರಲ್ಲಿ ನೂರಕ್ಕೆ ೬೪ರಿಂದ ೭೬ ಪಾಲು, ಅಂದರೆ ೧೧೧ರಿಂದ ೧೩೨ರ ವರೆಗೆ, ಮಧ್ಯಮ ವ್ಯಾಯಾಮವೆಂದು ಎಣಿಸುತ್ತಾರೆ. ಆದರೆ ಸ್ತ್ರೀಯರನ್ನೇ ಪರೀಕ್ಷಿಸಿ ೨೦೧೦ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕದಂತೆ ನಮ್ಮ ಗರಿಷ್ಠ ವೇಗ ೧೬೬ ಮಾತ್ರ. ಒಂದೇ ವಯಸ್ಸಿನ ಇಬ್ಬರಲ್ಲಿಯೇ ಹತ್ತು ಹನ್ನೆರಡು ಬಡಿತಗಳ ಭೇದವಿರುವದು ಸಾಮಾನ್ಯ. ಮಕ್ಕಳಿಗಂತೂ ಈ ಲೆಕ್ಕಗಳು ಸರಿಹೊಂದುವದಿಲ್ಲ. ಆದುದರಿಂದ ಸಂಖ್ಯೆಯನ್ನು ಶಾಸನವೆಂದು ತಿಳಿಯದೆ ಸೂಚನೆಯೆಂದು ತಿಳಿಯತಕ್ಕದ್ದು.

ಹುಡುಗಿಯರ ಹೃದಯದ ವಿಷಯದಲ್ಲಿ ಲೋಕವು ಬಹುಕಾಲ ಅಳೆಯದೆಯೇ ತೀರ್ಪು ಕೊಟ್ಟಿತು. ೧೯೨೮ರಲ್ಲಿ ಆಮ್‌ಸ್ಟರ್‌ಡಾಮಿನ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರು ಮೊದಲ ಸಾರಿ ೮೦೦ ಮೀಟರ್ ಓಡಿದರು. ಜರ್ಮನಿಯ ಲೀನಾ ರಾಡ್ಕೆ ೨ ನಿಮಿಷ ೧೬.೮ ಸೆಕೆಂಡುಗಳಲ್ಲಿ ಗೆದ್ದಳು. ಓಟದ ಕೊನೆಯಲ್ಲಿ ಕೆಲವರು ದಣಿದು ಹುಲ್ಲಿನ ಮೇಲೆ ಒರಗಿದ್ದನ್ನೇ ಪತ್ರಿಕೆಗಳು ದೊಡ್ಡದು ಮಾಡಿದವು. ಸ್ತ್ರೀದೇಹಕ್ಕೆ ಇಷ್ಟು ಶ್ರಮ ಸಲ್ಲದೆಂದು ಆ ಓಟವನ್ನೇ ತೆಗೆದುಹಾಕಿದರು. ಅದು ಹಿಂದಿರುಗಿದ್ದು ೧೯೬೦ರಲ್ಲಿ. ದಣಿದ ಗಂಡಸು ವೀರನು, ದಣಿದ ಹೆಂಗಸು ರೋಗಿ ಎಂಬ ಈ ನ್ಯಾಯವನ್ನು ನಮ್ಮ ಮನೆಗಳಲ್ಲಿಯೂ ನಾವು ಕಾಣುತ್ತೇವೆ. ೧೯೮೪ರಲ್ಲಿ ಕೇರಳದ ಪಿ. ಟಿ. ಉಷಾ ಲಾಸ್ ಏಂಜಲೀಸಿನಲ್ಲಿ ಒಂದು ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಪದಕವನ್ನು ಕಳೆದುಕೊಂಡಳಲ್ಲವೆ? ಆದರೂ “ದೊಡ್ಡವಳಾದಳು, ಇನ್ನು ಓಟ ಸಾಕು” ಎಂಬ ಚೀಟಿಯನ್ನು ಹಿಡಿದು ಬರುವ ಹುಡುಗಿಯರು ಪ್ರತಿ ವರ್ಷವೂ ಇದ್ದಾರೆ.

ಅಂಥ ಒಂದು ಚೀಟಿಯನ್ನು ಒಂಭತ್ತನೆಯ ತರಗತಿಯ ಒಬ್ಬ ಬಾಲಿಕೆಯೂ ತಂದಳು. ಮೊಮ್ಮಗಳು ಬಲಹೀನೆ, ಅವಳನ್ನು ವ್ಯಾಯಾಮದಿಂದ ಶಾಶ್ವತವಾಗಿ ಬಿಡಿಸಬೇಕೆಂದು ಅಜ್ಜಿಯವರು ಬರೆಯಿಸಿದ್ದರು. ಗೆಳತಿಯರಾದರೋ ಅವಳನ್ನು ಸೋಮಾರಿಯೆಂದು ಕರೆಯುತ್ತಿದ್ದರು. ಯಾಕಂದರೆ ಮೈದಾನದ ಸುತ್ತ ಓಡುವಾಗ ಅವಳು ಯಾವಾಗಲೂ ಎಲ್ಲರ ಹಿಂದೆ. ಶಿಕ್ಷಕಿಯವರು ಅವಳಿಗೆ ಪಟ್ಟಿಯನ್ನು ಕಟ್ಟಿ ಮೆಲ್ಲನೆ ಓಡಿಸಿದರು. ಅದೇ ವೇಗದಲ್ಲಿ ಓಡಿದ ಇತರರ ಸಂಖ್ಯೆ ೧೫೦ರ ಆಸುಪಾಸಿನಲ್ಲಿದ್ದರೆ ಇವಳದು ೧೯೨. ಐದು ನಿಮಿಷ ಕುಳಿತ ಮೇಲೆಯೂ ೧೩೦ಕ್ಕೆ ಇಳಿಯಲಿಲ್ಲ. ಎಲ್ಲರ ಹಿಂದಿದ್ದವಳು ಎಲ್ಲರಿಗಿಂತಲೂ ಹೆಚ್ಚಾಗಿ ದುಡಿಯುತ್ತಿದ್ದಳೆಂಬದು ಅಂದು ಗೊತ್ತಾಯಿತು. “ಅಮ್ಮಾ, ನಾನು ಸೋಮಾರಿಯಲ್ಲವಲ್ಲ?” ಎಂದು ಅವಳು ನಮ್ಮನ್ನು ಕೇಳಿದಳು. “ಅಲ್ಲ ಮಗೂ, ಎಂದಿಗೂ ಅಲ್ಲ” ಎಂದೆವು.

ನಾವು ಅವಳ ತಾಯಿಯನ್ನು ಕರೆಯಿಸಿ ಆಸ್ಪತ್ರೆಗೆ ಕಳುಹಿಸಿದೆವು. ಆ ವಯಸ್ಸಿನ ಹುಡುಗಿಗೆ ಕನಿಷ್ಠ ೧೨ ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ಅವಳಲ್ಲಿ ೮.೪ ಮಾತ್ರ ಇತ್ತು. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಶಕ್ತಿ ಕುಂದಿದಾಗ ಹೃದಯವು ಹೆಚ್ಚು ಸಾರಿ ಬಡಿದು ಆ ಕೊರತೆಯನ್ನು ತುಂಬಲೆತ್ನಿಸುವದು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ೧೫ರಿಂದ ೧೯ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿಗೆ ಈ ರಕ್ತಹೀನತೆ ಇತ್ತು. ಶಾಲೆಯಲ್ಲಿ ವಾರಕ್ಕೊಂದು ಸಾರಿ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ನಾಲಿಗೆಯ ಕೆಳಗೆ ಅಡಗಿಸಿ ಆಮೇಲೆ ಕಿಟಕಿಯಾಚೆ ಉಗುಳುವ ಜಾಣೆಯರು ಇದನ್ನು ಓದಲಿ. ಆ ಬಾಲಿಕೆಯು ವೈದ್ಯರು ಹೇಳಿದಂತೆ ಔಷಧವನ್ನು ಸೇವಿಸಿ, ರಾಗಿಯನ್ನೂ ನುಗ್ಗೆಸೊಪ್ಪನ್ನೂ ನಿಂಬೆರಸದೊಡನೆ ಉಂಡು, ಊಟದೊಡನೆ ಚಹವನ್ನು ಬಿಟ್ಟಳು. ನಾಲ್ಕು ತಿಂಗಳ ಮೇಲೆ ಹಿಮೋಗ್ಲೋಬಿನ್ ೧೧.೮ಕ್ಕೆ ಏರಿತು, ಅದೇ ಓಟದಲ್ಲಿ ಸಂಖ್ಯೆ ೧೬೧ಕ್ಕೆ ಇಳಿಯಿತು. ಕ್ರೀಡಾದಿನದಂದು ಅವಳು ಐದನೆಯವಳಾಗಿ ಬಂದಳು. ಬಹುಮಾನವಿರಲಿಲ್ಲ, ಚೀಟಿ ಬರೆಯಿಸಿದ ಅಜ್ಜಿಯವರು ಮಾತ್ರ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದರು.

ಆದರೂ ಈ ಪಟ್ಟಿಯು ವೈದ್ಯನಲ್ಲ. ಭಯ, ಬಿಸಿಲು, ಜ್ವರ, ನಿದ್ರೆಗೇಡು ಇವುಗಳಿಂದಲೂ ಬಡಿತವು ಏರುವದು. ಯಾಕೆ ಏರಿತೆಂಬದನ್ನು ಅದು ಹೇಳಲಾರದು. ವಿಚಾರಿಸಿರೆಂದು ಮಾತ್ರ ಎಚ್ಚರಿಸುವದು. ಓಡುವಾಗ ಎದೆನೋವೋ ತಲೆಸುತ್ತೋ ಬಂದರೆ ಸಂಖ್ಯೆಯನ್ನು ನೋಡುತ್ತ ನಿಲ್ಲದೆ ವ್ಯಾಯಾಮವನ್ನು ಬಿಟ್ಟು ವೈದ್ಯರನ್ನು ಕಾಣತಕ್ಕದ್ದು. ಪಟ್ಟಿಯಿಲ್ಲದವರಿಗೂ ಒಂದು ಸುಲಭವಾದ ಅಳತೆಯುಂಟು: ಮಾತನಾಡಬಲ್ಲೆವು, ಹಾಡಲಾರೆವು ಎಂಬಷ್ಟು ಉಸಿರಾಟವಿದ್ದರೆ ಅದು ಮಧ್ಯಮ ವ್ಯಾಯಾಮ, ನಾಲ್ಕು ಮಾತಿಗೇ ಉಸಿರು ಕಟ್ಟಿದರೆ ಅದು ಬಿರುಸಾದದ್ದು.

ಪ್ರಿಯ ವಿದ್ಯಾರ್ಥಿನಿಯರೇ, ವಿಶ್ವ ಆರೋಗ್ಯ ಸಂಸ್ಥೆಯವರು ೨೦೨೦ರಲ್ಲಿ ನಿಮ್ಮ ವಯಸ್ಸಿನವರಿಗೆ ದಿನಕ್ಕೆ ಸರಾಸರಿ ೬೦ ನಿಮಿಷಗಳ ಚಲನೆಯನ್ನು ವಿಧಿಸಿದ್ದಾರೆ. ನಿಮ್ಮಲ್ಲಿ ಮುಂದಿರುವವಳು ಹಿಂದಿರುವವಳನ್ನು ನೋಡಿ ನಗದಿರಲಿ. ಯಾರ ಎದೆ ಎಷ್ಟು ದುಡಿಯುತ್ತಿದೆಯೆಂಬದು ಹೊರಗೆ ಕಾಣಿಸದು. ತಾಯಿತಂದೆಗಳೇ, ಮಗಳನ್ನು ಆಟದಿಂದ ಬಿಡಿಸುವ ಚೀಟಿಯನ್ನು ಬರೆಯುವ ಮುನ್ನ ಅವಳ ರಕ್ತವನ್ನು ಒಮ್ಮೆ ಪರೀಕ್ಷೆ ಮಾಡಿಸಿರಿ. ಇಷ್ಟೇ ನಮ್ಮ ವಿಜ್ಞಾಪನೆ.